ಬೇಳೆ ಎಂಬ ಬುತ್ತಿ: ತೊಗರಿ ಬೀಜ ಕಟ್ಟುವ ಬಗೆ, ಕಾಯುವ ಬಗೆ

ಸೇಡಂನಿಂದ ಚಿಂಚೋಳಿಯವರೆಗೆ ಯಾರ ಮನೆಯ ತಾಟು ನೋಡಿದರೂ ಜೋಳದ ರೊಟ್ಟಿ, ತೊಗರಿ ಬ್ಯಾಳಿ. ಎರಡೂ ಬೀಜವೇ, ಆದರೆ ನಾವು ಉಣ್ಣುವುದು ಅವುಗಳ ಬೇರೆ ಬೇರೆ ಭಾಗ. ಜೋಳದ ಹಿಟ್ಟಿನ ಬಹುಪಾಲು ಭ್ರೂಣಾಹಾರ, ಅಂದರೆ ಮೊಳಕೆಯ ಪಕ್ಕದಲ್ಲಿ ಕಟ್ಟಿಟ್ಟ ಪಿಷ್ಟ. ತೊಗರಿಯ ಬೇಳೆಗಳು ಮರಿಗಿಡದ ಮೊದಲ ಎರಡು ಎಲೆಗಳು. ಕಾಯಿಯೊಳಗಿದ್ದಾಗಲೇ ಭ್ರೂಣಾಹಾರವನ್ನೆಲ್ಲ ಹೀರಿ ದಪ್ಪಗಾದ ಬೀಜದಳಗಳು ಅವು. ಒಣಹಣ್ಣಿನ ಅಂಗಡಿಯಲ್ಲಿ ಸಿಗುವ ಚಿಲ್ಗೋಜಾ ಮೂರನೆಯ ಬಗೆ. ಅದು ಹಿಮಾಲಯದ ಒಂದು ಪೈನ್ ಮರದ ಬೀಜ. ಆ ಮರಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ.

ಹೂವಿಲ್ಲದೆ ಬೀಜವೆಲ್ಲಿಂದ ಬಂತು ಎಂದು ಕೇಳುವವರು ಶಾಲೆಯ ಅಂಗಳದಲ್ಲಿರುವ ಮೋರ್‌ಪಂಖಿ ಗಿಡ ನೋಡಬೇಕು. ಅದರ ಟೊಂಗೆಗಳಲ್ಲಿ ಬೂದಿ ಬಳಿದಂತೆ ನೀಲಿ-ಹಸಿರಾದ, ಕೊಂಬುಳ್ಳ ಸಣ್ಣ ಗಂಟುಗಳಿರುತ್ತವೆ. ಅವೇ ಶಂಕುಗಳು. ಶಂಕುವಿನ ಹಲ್ಲೆಗಳ ಮೇಲೆ ಅಂಡಕಗಳು ಬಯಲಿಗೇ ಕೂತಿರುತ್ತವೆ. ತೊಗರಿಯಲ್ಲಿ ಕಾಯಿಯಾಗುವ ಅಂಡಾಶಯದ ಕೋಣೆ ಇಲ್ಲಿಲ್ಲ. ಪ್ರತಿ ಅಂಡಕದ ತುದಿಯಲ್ಲಿ ಒಂದು ಹನಿ ಜಿನುಗುತ್ತದೆ. ಗಾಳಿಯಲ್ಲಿ ತೇಲಿ ಬಂದ ಪರಾಗ ಆ ಹನಿಗೆ ಅಂಟಿ ಒಳಗೆ ಸೇರುತ್ತದೆ. ಬಲಿತ ಶಂಕು ಕಂದಾಗಿ ಒಣಗಿ ಬಿರಿದರೆ ಅಕ್ಕಿಕಾಳಿನಷ್ಟು ಬೀಜ ಉದುರುತ್ತವೆ. ಇಂಥ ಗಿಡಗಳನ್ನು ಅನಾವೃತಬೀಜ ಸಸ್ಯಗಳು ಎನ್ನುತ್ತಾರೆ. ಬದುವಿಗೆ ಹಚ್ಚುವ ಸರ್ವೆಯನ್ನು ಈ ಗುಂಪಿಗೆ ಸೇರಿಸಬೇಡಿ. ಎಲೆ ಪೈನಿನಂತೆ, ಕಾಯಿ ಶಂಕುವಿನಂತೆ ಕಂಡರೂ ಸರ್ವೆ ಹೂ ಬಿಡುವ ಮರ.

ರೈತನಿಗೆ ಮುಖ್ಯವಾದದ್ದು ಬುತ್ತಿ ಕಟ್ಟುವ ಹೊತ್ತು. ಅನಾವೃತಬೀಜ ಗಿಡದಲ್ಲಿ ಮರಿಗೆ ಆಹಾರವಾಗುವ ಅಂಗಾಂಶ ಫಲೀಕರಣಕ್ಕೆ ಮೊದಲೇ ಬೆಳೆದಿರುತ್ತದೆ. ತೋಟಗಳಲ್ಲಿ ನೆಡುವ ಸೈಕಸ್‌ನ ಹೆಣ್ಣು ಗಿಡ ಹತ್ತಿರದಲ್ಲಿ ಗಂಡು ಗಿಡವಿಲ್ಲದಿದ್ದರೂ ದೊಡ್ಡ ಬೀಜ ಬಿಡುವುದುಂಟು. ಒಡೆದರೆ ಒಳಗೆ ಮೊಳಕೆಯೇ ಇಲ್ಲ. ಪೈನ್ ಮರಕ್ಕಂತೂ ಅವಸರವೇ ಇಲ್ಲ. ಪರಾಗ ಬಂದು ಬಿದ್ದ ಮೇಲೆ ಫಲೀಕರಣಕ್ಕೇ ಸುಮಾರು ಒಂದು ವರ್ಷ ಹಿಡಿಯುತ್ತದೆ.

ತೊಗರಿಗೆ ಅಷ್ಟು ಪುರಸೊತ್ತಿಲ್ಲ. ಅದರ ಪರಾಗದಿಂದ ಎರಡು ಗಂಡು ಕಣಗಳು ಬರುತ್ತವೆ. ಒಂದು ಅಂಡದೊಡನೆ ಕೂಡಿ ಮರಿಯಾಗುತ್ತದೆ, ಇನ್ನೊಂದು ಭ್ರೂಣಾಹಾರಕ್ಕೆ ಮೊದಲಾಗುತ್ತದೆ. ರಷ್ಯಾದ ನವಾಶಿನ್ ಈ ಇಮ್ಮಡಿ ಫಲೀಕರಣವನ್ನು 1898ರಲ್ಲಿ ಕಂಡುಹಿಡಿದರು. ಅಂದರೆ ಮರಿ ನಿಂತ ಮೇಲೆಯೇ ಬುತ್ತಿ ಕಟ್ಟುವ ಕೆಲಸ ಶುರು. ಕಾಳು ನಿಲ್ಲದ ಹೂವಿಗೆ ತೊಗರಿ ಗಿಡ ಏನೂ ವೆಚ್ಚ ಮಾಡುವುದಿಲ್ಲ, ಉದುರಿಸಿಬಿಡುತ್ತದೆ. ಬಿಟ್ಟ ಹೂಗಳಲ್ಲಿ ಹೆಚ್ಚಿನವು ಹೀಗೆ ಉದುರುವುದು ಅದರ ಸ್ವಭಾವ. ಆದರೆ ನಿಂತ ಹೂ ಕಾಯಾಗಿ ಬಲಿಯುವ ಸುಮಾರು 40 ದಿನ ಬುತ್ತಿಯ ದಿನಗಳು. ಆಗ ಎರೆ ಬಿರಿದು ತೇವ ಆರಿದರೆ, ಮೋಡ ಕವಿದು ಕೀಡಿ ಬಿದ್ದರೆ ಕಾಳು ಜೊಳ್ಳು. ಶಹಾಬಾದ್, ವಾಡಿ ಕಡೆ ಪರಸಿಯ ಮೇಲೆ ಎರೆ ತೆಳ್ಳಗಿರುವ ಹೊಲಗಳಲ್ಲಿ ತೇವ ಬೇಗ ಆರುತ್ತದೆ. ಅಲ್ಲಿ ಒಂದು ನೀರು ಕೊಡಲು ಸಾಧ್ಯವಿದ್ದರೆ ಅದನ್ನು ಈ ಹಂತಕ್ಕೇ ಉಳಿಸಿಕೊಳ್ಳಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣವನ್ನು ಲೀಟರ್ ನೀರಿಗೆ 10 ಗ್ರಾಂನಂತೆ ಹೂವಾಡುವಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸುವುದೂ ಇದೇ ಕಾರಣಕ್ಕೆ.

ಬೀಜಕ್ಕೆಂದು ಬೆಳೆಯುವವರು ಇನ್ನೊಂದು ಮಾತು ಗಮನಿಸಬೇಕು. ತೊಗರಿ ಹೂ ಅರಳುವ ಮೊದಲೇ ಒಳಗೆ ಪರಾಗ ಬಿಚ್ಚಿರುತ್ತದೆ, ಹಾಗಾಗಿ ಹೆಚ್ಚಿನ ಕಾಳು ಸ್ವಂತ ಪರಾಗದ್ದೇ. ಆದರೂ ಜೇನು, ದುಂಬಿಗಳು ಪಕ್ಕದ ಹೊಲದ ಪರಾಗ ತರುತ್ತವೆ. ಟಿಎಸ್-3ಆರ್ ತಳಿ ಹಾಕಿದ ಹೊಲದ ಪಕ್ಕದಲ್ಲೇ ಬೇರೆ ತಳಿ ಇದ್ದರೆ ಮುಂದಿನ ವರ್ಷ ಗಿಡಗಳಲ್ಲಿ ಕಲಬೆರಕೆ ಕಾಣುತ್ತದೆ, ನೆಟೆ ರೋಗ ತಡೆಯುವ ಗುಣವೂ ಎಲ್ಲ ಗಿಡಗಳಲ್ಲಿ ಉಳಿಯುವುದಿಲ್ಲ. ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ತಳಿಗೂ 100 ಮೀಟರ್ ಅಂತರ ಬೇಕು ಎಂಬ ನಿಯಮ ಇದಕ್ಕಾಗಿಯೇ. ಜೇನನ್ನು ಓಡಿಸಬೇಡಿ. ಬೇರೆ ತಳಿಯನ್ನು ದೂರ ಇಡಿ, ಔಷಧಿಯನ್ನು ಸಂಜೆಯ ಹೊತ್ತು ಹೊಡೆಯಿರಿ.

ಕೊಯ್ಲಾದ ಮೇಲೆ ಬೀಜದ ಗಿಡಗಳನ್ನು ದೊಡ್ಡ ರಾಶಿಗೆ ಬೆರೆಸದೆ ಬೇರೆ ಮಾಡಿ ಬಡಿಗೆಯಿಂದ ಬಡಿಯಿರಿ. ಬೇಳೆ ಬಿತ್ತಿದರೆ ಹುಟ್ಟದು ಎಂದು ಎಲ್ಲರಿಗೂ ಗೊತ್ತು. ಕಾಳು ಒಡೆಯುವಾಗ ಎರಡು ಬೇಳೆಗಳ ನಡುವಿನ ಮೊಳಕೆಯ ಮೂಗು ಮುರಿಯುವುದೇ ಅದಕ್ಕೆ ಕಾರಣ. ಯಂತ್ರದ ಪೆಟ್ಟಿಗೆ ಸಿಪ್ಪೆ ಬಿರಿಯದೆಯೂ ಆ ಮೂಗು ಒಳಗೇ ನೊಂದಿರಬಹುದು, ಹೊರಗಿನಿಂದ ಕಾಳು ಚೆಂದವೇ ಕಾಣುತ್ತದೆ. ಬೀಜದ ತೇವ ಶೇ 9ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ, ನುಸಿ ಹತ್ತದಂತೆ ಗಾಳಿಯಾಡದ ಡಬ್ಬಿಯಲ್ಲಿಡಿ. ನುಸಿ ಹುಳು ಕೊರೆದು ತಿನ್ನುವುದು ಮರಿಯ ಬುತ್ತಿಯನ್ನೇ. ತೂತಾದ ಕಾಳು ಮೊಳೆತರೂ ಸಸಿ ಸೊರಗುತ್ತದೆ.

ಹೆಸರು, ಉದ್ದಿನ ಸಸಿಗಳು ಬೇಳೆಯನ್ನು ತಲೆಯ ಮೇಲೆ ಹೊತ್ತು ನೆಲದಿಂದ ಮೇಲೇಳುತ್ತವೆ. ತೊಗರಿ ಬೇಳೆಯನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುತ್ತದೆ. ಹಾಗಾಗಿ ಅದು ಬುತ್ತಿ ಬಿಚ್ಚಿತೋ ಇಲ್ಲವೋ ಹೊಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮಿರಗ ಮಳೆಗೆ ಮೊದಲೇ ಮನೆಯಲ್ಲಿ ನೋಡಿಕೊಳ್ಳಿ. 100 ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸಾಲಾಗಿ ಹರವಿ, ಸುರುಳಿ ಸುತ್ತಿ ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ. ಆರನೆಯ ದಿನ ಬಿಚ್ಚಿದಾಗ 75ಕ್ಕಿಂತ ಕಡಿಮೆ ಮೊಳೆತಿದ್ದರೆ ಆ ಚೀಲವನ್ನು ಅಡುಗೆಮನೆಗೆ ಕೊಟ್ಟು, ಬಿತ್ತಿಗೆಗೆ ರೈತ ಸಂಪರ್ಕ ಕೇಂದ್ರದಿಂದ ಹೊಸ ಬೀಜ ತನ್ನಿ.