ಮಿದುಳಿನ ರೋಗಗಳು: ಅರಿವು, ಬುದ್ಧಿ, ಚಲನೆ ಇವುಗಳ ವಿಷಯವಾದ ಪಾಠ



ಜ್ವರ, ಹುಣ್ಣು, ಹೊಟ್ಟೆನೋವು ಮೊದಲಾದ ವ್ಯಾಧಿಗಳು ಬಂದರೆ ನಾವು ನಾಚಿಕೊಳ್ಳದೆ ವೈದ್ಯರ ಬಳಿಗೆ ಹೋಗುತ್ತೇವೆ. ಆದರೆ ಮನೆಯಲ್ಲಿ ಒಬ್ಬರು ಅರಿವು ತಪ್ಪಿ ಬಿದ್ದರೆ, ಇಲ್ಲವೆ ಮಾತು ತಡವರಿಸಿದರೆ, ಇಲ್ಲವೆ ಕೈಕಾಲು ನಡುಗಿದರೆ, ಆಗ ಬಾಗಿಲು ಮುಚ್ಚಿಕೊಂಡು ಅದನ್ನು ಬಚ್ಚಿಡುತ್ತೇವೆ. ಗಾಳಿ ಸೋಕಿತೆನ್ನುವವರುಂಟು, ಮಾಟವೆನ್ನುವವರುಂಟು, ಹಿರಿಯರ ಪಾಪದ ಫಲವೆನ್ನುವವರೂ ಉಂಟು. ಹೀಗೆ ಕಾಲ ಕಳೆಯುವುದರಿಂದ ವಾಸಿಯಾಗತಕ್ಕ ರೋಗವೂ ವಾಸಿಯಾಗದೆ ಹೋಗುತ್ತದೆ. ಆದಕಾರಣ ಮಿದುಳಿನ ರೋಗಗಳು ಮನುಷ್ಯನ ಅರಿವನ್ನೂ ಬುದ್ಧಿಯನ್ನೂ ಚಲನೆಯನ್ನೂ ಹೇಗೆ ಬಾಧಿಸುತ್ತವೆಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ಮಿದುಳಿನ ಕೆಲಸ

ತಲೆಬುರುಡೆಯೊಳಗೆ ಇರುವ ಮಿದುಳು ಹೆಚ್ಚು ಕಡಿಮೆ ಒಂದೂಕಾಲು ಕಿಲೋಗ್ರಾಮಿಗೆ ಮೇಲ್ಪಟ್ಟ ತೂಕದ ಮೃದುವಾದ ಅಂಗ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟು. ಇವು ಬಹು ಸೂಕ್ಷ್ಮವಾದ ವಿದ್ಯುತ್ತಿನಿಂದಲೂ ರಸಗಳಿಂದಲೂ ಒಂದಕ್ಕೊಂದು ಸುದ್ದಿ ಕಳುಹಿಸುತ್ತವೆ. ದೇಹವು ಸೇದುವ ಪ್ರಾಣವಾಯುವಿನಲ್ಲಿ ಐದರಲ್ಲೊಂದು ಪಾಲನ್ನು ಈ ಚಿಕ್ಕ ಅಂಗವೇ ತೆಗೆದುಕೊಳ್ಳುತ್ತದೆ. ಆದಕಾರಣ ಕೆಲವು ನಿಮಿಷಗಳ ಕಾಲ ರಕ್ತವು ನಿಂತರೂ ಮಿದುಳಿಗೆ ಕೇಡು ತಪ್ಪದು.

ಮಿದುಳಿನ ಒಂದೊಂದು ಭಾಗಕ್ಕೆ ಒಂದೊಂದು ಕೆಲಸ ನೇಮಕವಾಗಿದೆ. 1861ರಲ್ಲಿ ಪ್ಯಾರಿಸ್ ಪಟ್ಟಣದ ಬ್ರೋಕಾ ಎಂಬ ವೈದ್ಯರು, ಒಂದೇ ಒಂದು ಶಬ್ದವನ್ನು ಮಾತ್ರ ಉಚ್ಚರಿಸಬಲ್ಲವನಾಗಿದ್ದ ರೋಗಿಯೊಬ್ಬನು ಸತ್ತ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗವು ಕೆಟ್ಟಿರುವುದನ್ನು ಕಂಡರು. ಮಾತಿನ ಸ್ಥಾನವು ಅಲ್ಲಿರುವುದೆಂದು ಆಗ ತಿಳಿದುಬಂತು. ಯಾವ ಭಾಗಕ್ಕೆ ಪೆಟ್ಟು ತಗಲಿತೋ ಆ ಭಾಗದ ಕೆಲಸವೇ ಕೆಡುತ್ತದೆ. ಇದೇ ಈ ಪಾಠದ ಬೀಗದ ಕೈ.

2. ಅರಿವು ತಪ್ಪುವುದು

ಮಿದುಳಿನ ಬುಡದಲ್ಲಿರುವ ಕಾಂಡವು ನಮ್ಮನ್ನು ಎಚ್ಚರವಾಗಿಡುತ್ತದೆ. ಅದಕ್ಕೆ ಕೇಡಾದರೆ, ಅಥವಾ ಇಡೀ ಮಿದುಳು ಊದಿಕೊಂಡು ಅದನ್ನು ಒತ್ತಿದರೆ, ಮನುಷ್ಯನು ಕರೆದರೂ ಏಳದ ನಿದ್ರೆಗೆ ಬೀಳುತ್ತಾನೆ. ನಮ್ಮ ಅತ್ತಿಬೆಲೆಯ ಹೆದ್ದಾರಿಯಲ್ಲಿ ಹಗಲಿರುಳು ಲಾರಿ, ಬಸ್ಸು, ಮೋಟಾರು ಸೈಕಲ್ಲುಗಳು ಓಡುತ್ತಿರುವುದರಿಂದ ಒಂದು ಮಾತನ್ನು ಎಲ್ಲರೂ ನೆನಪಿಡತಕ್ಕದ್ದು. ತಲೆಗೆ ಪೆಟ್ಟು ಬಿದ್ದವನು ಎದ್ದು ಕೂತು ಮಾತಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬಾರದು. ಬುರುಡೆಯೊಳಗೆ ರಕ್ತವು ಮೆಲ್ಲಮೆಲ್ಲನೆ ಕೂಡುತ್ತಾ ಕೆಲವು ಗಂಟೆಗಳ ಮೇಲೆ ಅವನು ಮಂಪರಾಗಿ ಅರಿವು ತಪ್ಪುವುದುಂಟು. ವಾಂತಿ, ಹೆಚ್ಚುವ ತಲೆನೋವು, ತೂಕಡಿಕೆ ಕಂಡರೆ “ಮಲಗಲಿ, ಬೆಳಿಗ್ಗೆ ನೋಡೋಣ” ಎನ್ನದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಶಿರಸ್ತ್ರಾಣವಿಲ್ಲದೆ ಗಾಡಿ ಹತ್ತದಿರುವುದು ಇದಕ್ಕಿಂತಲೂ ಮೇಲು.

ಅರಿವು ತಪ್ಪಿಸುವ ಮತ್ತೊಂದು ರೋಗವು ಮೂರ್ಛೆ, ಅಂದರೆ ಫಿಟ್ಸ್. ನರಕೋಶಗಳ ವಿದ್ಯುತ್ತು ಕ್ರಮ ತಪ್ಪಿ ಒಮ್ಮೆಲೇ ಹೊಮ್ಮುವುದೇ ಇದಕ್ಕೆ ಕಾರಣ. ಒಬ್ಬನು ನೆಲಕ್ಕೆ ಬಿದ್ದು ಕೈಕಾಲು ಒದರುತ್ತಾನೆ. ಮತ್ತೊಬ್ಬನು ಬೀಳದೆ ಬೆಪ್ಪಾಗಿ ನೋಡುತ್ತಾ ತುಟಿ ಚಪ್ಪರಿಸುತ್ತಾನೆ. ಎರಡೂ ಮೂರ್ಛೆಯೇ. ಬೆಂಗಳೂರಿನ ನಗರದಲ್ಲಿಯೂ ಗ್ರಾಮಗಳಲ್ಲಿಯೂ 1,02,557 ಜನರನ್ನು ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನರರೋಗಗಳು ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಂಡುಬಂದವು. ಹೀಗಿರಲಾಗಿ ಇದು ಪಟ್ಟಣದವರ ರೋಗವೆಂದು ಹಳ್ಳಿಯವರು ಅಲಕ್ಷ್ಯ ಮಾಡುವ ಹಾಗಿಲ್ಲ.

3. ಬಿಸಿನೀರಿನ ಮೂರ್ಛೆ

ಇದು ವಿಶೇಷವಾಗಿ ನಮ್ಮ ಸೀಮೆಯಲ್ಲಿ ಕಾಣುವ ರೋಗವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಮೊಗೆಮೊಗೆದು ಮಗುವಿನ ನೆತ್ತಿಯ ಮೇಲೆ ಬಿಡುಬಿಡದೆ ಸುರಿಯುವುದು ನಮ್ಮ ತಾಯಂದಿರ ವಾಡಿಕೆ. ಕೆಲವು ಮಕ್ಕಳಿಗೂ ಪ್ರಾಯದವರಿಗೂ ಹೀಗೆ ತಲೆಗೆ ನೀರು ಬೀಳುತ್ತಿರುವಾಗಲೇ ಕಣ್ಣು ನಿಟ್ಟಿಸುತ್ತದೆ, ಮಾತು ಅರ್ಥವಿಲ್ಲದಂತಾಗುತ್ತದೆ, ಭಯ ತೋರುತ್ತದೆ. ಕೆಲವರು ಬಿದ್ದು ಒದರುತ್ತಾರೆ. ಮತ್ತೆ ಕೆಲವರು ನಿಲ್ಲಿಸದೆ ಇನ್ನೂ ಇನ್ನೂ ನೀರು ಸುರಿದುಕೊಳ್ಳುತ್ತಾರೆ. ಇದನ್ನು ಕಂಡ ಮನೆಯವರು ಬಚ್ಚಲಲ್ಲಿ ಮೋಹಿನಿ ಇದೆಯೆಂದು ಹೆದರಿ ಮಂತ್ರವಾದಿಯನ್ನು ಕರೆಯುವುದುಂಟು.

ಆದರೆ ಇದರ ಕಾರಣವು ಬಚ್ಚಲಲ್ಲಿ ಇಲ್ಲ. ನೀರಿನ ಕಾವಿನಲ್ಲಿಯೂ ಆ ಕಾವನ್ನು ತಾಳಲಾರದ ಮಿದುಳಿನಲ್ಲಿಯೂ ಇದೆ. 1945ರಲ್ಲಿ ನ್ಯೂಜಿಲೆಂಡ್ ದೇಶದ ವೈದ್ಯರೊಬ್ಬರು ಇಂಥ ರೋಗಿಯ ವಿಷಯವನ್ನು ಬರೆದರು. ನಮ್ಮ ಬೆಂಗಳೂರಿನಲ್ಲಿ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1968ರಲ್ಲಿ ಇದನ್ನು ವರದಿಮಾಡಿದರು. ಮುಂದೆ ಡಾಕ್ಟರ್ ಪಿ. ಸತೀಶ್ಚಂದ್ರರು ನೂರಾರು ರೋಗಿಗಳನ್ನು ಪರೀಕ್ಷಿಸಿದರು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚೆಂದೂ, ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುತ್ತದೆಂದೂ ಇವರ ವಿಚಾರಣೆಗಳಿಂದ ತಿಳಿದಿದೆ.

ಪರಿಹಾರವು ಬಹು ಸುಲಭ. ನೀರನ್ನು ಉಗುರುಬೆಚ್ಚಗೆ ಮಾಡಬೇಕು. ತಲೆಯ ಮೇಲೆ ಸುರಿಯದೆ ಮೈಗೆ ಮಾತ್ರ ಹಾಕಿಕೊಂಡು, ತಲೆಯನ್ನು ಬೇರೆಯಾಗಿ ಒದ್ದೆ ಬಟ್ಟೆಯಿಂದ ಒರಸಬೇಕು. ಒಬ್ಬರೇ ಅಗುಳಿ ಹಾಕಿಕೊಂಡು ಸ್ನಾನ ಮಾಡಬಾರದು. ಅಷ್ಟರಿಂದ ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ನುಂಗತಕ್ಕ ಕ್ಲೊಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಕೆಲವರಿಗೆ ಮುಂದೆ ಸ್ನಾನವಿಲ್ಲದಾಗಲೂ ಮೂರ್ಛೆ ಬರಬಹುದಾದ್ದರಿಂದ, ನೀರು ತಣಿಸಿದೆವೆಂದು ಸುಮ್ಮನಿರದೆ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು.

4. ಬುದ್ಧಿ ಕುಂದುವುದು

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಹೆಸರು ನೆನಪಿಗೆ ಬಾರದಿರುವುದು ಮುಪ್ಪಿನಲ್ಲಿ ಸಹಜ. ಆದರೆ ಮುದುಕರು ತಮ್ಮ ಬೀದಿಯಲ್ಲೇ ದಾರಿ ತಪ್ಪುವುದು, ಉಂಡದ್ದನ್ನು ಮರೆತು ಊಟ ಕೊಡಲಿಲ್ಲವೆಂದು ಜಗಳವಾಡುವುದು, ಮಗಳ ಗುರುತು ಹತ್ತದಿರುವುದು, ಇವು ಬರಿಯ ಮುಪ್ಪಲ್ಲ. ಮಿದುಳಿನ ಕೋಶಗಳು ಸವೆಯುವ ರೋಗ. ಅಂಥವರನ್ನು ಸೊಸೆಯು ಗದರಿದರೆ ಅವರು ಕಲಿಯರು, ಅಂಜುವರು ಮಾತ್ರ. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಬಿ12 ಎಂಬ ಜೀವಸತ್ವದ ಕೊರತೆಯಿಂದಲೂ ಇಂಥ ಮರೆವು ಬರುವುದುಂಟು. ಇವು ಔಷಧದಿಂದ ಗುಣವಾಗತಕ್ಕವು. ಆದಕಾರಣ ಪರೀಕ್ಷೆಯಿಲ್ಲದೆ ಕೈಬಿಡಬಾರದು.

5. ಚಲನೆ ಕೆಡುವುದು

ಮಿದುಳಿನ ಎಡಭಾಗವು ದೇಹದ ಬಲಗಡೆಯನ್ನೂ ಬಲಭಾಗವು ಎಡಗಡೆಯನ್ನೂ ಆಳುತ್ತದೆ. ರಕ್ತನಾಳವು ಕಟ್ಟಿಕೊಂಡರೆ ಅಥವಾ ಒಡೆದರೆ ಎದುರು ಬದಿಯ ಕೈಕಾಲು ಬಿದ್ದುಹೋಗುತ್ತದೆ. ಇದೇ ಲಕ್ವ. ಬಾಯಿ ಸೊಟ್ಟಗಾಯಿತೋ, ಎತ್ತಿದ ಕೈ ಇಳಿಯಿತೋ, ಮಾತು ತೊದಲಿತೋ, ಈ ಮೂರನ್ನು ನೋಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವುಂಟು. ಆದರೆ ರೋಗ ತಗಲಿದ ನಾಲ್ಕೂವರೆ ಗಂಟೆಯೊಳಗೆ, ತಲೆಯ ಚಿತ್ರ ತೆಗೆದುನೋಡಿದ ಮೇಲೆ, ಅದನ್ನು ಕೊಡಬೇಕು. ಪಾರಿವಾಳದ ರಕ್ತವನ್ನು ಹಚ್ಚುತ್ತಾ ಕೂತರೆ ಆ ಗಂಟೆಗಳು ಮತ್ತೆ ಬಾರವು.

ಮತ್ತೊಂದು ರೋಗವನ್ನು 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬವರು ವಿವರಿಸಿದರು. ಇದರಲ್ಲಿ ಕೈ ನಡುಗುತ್ತದೆ, ನಡಿಗೆ ಕುಂಟುತ್ತದೆ, ಮುಖವು ಭಾವವಿಲ್ಲದಂತಾಗುತ್ತದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಸವು ಕಡಿಮೆಯಾಗುವುದೇ ಕಾರಣ. ಇದಕ್ಕೆ ಕೊಡುವ ಲೆವೊಡೋಪ ಎಂಬ ವಸ್ತುವು ನಮ್ಮ ಬೇಲಿಯಲ್ಲಿ ಬೆಳೆದು ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿಯೂ ಇದೆಯೆಂದು 1937ರಲ್ಲಿ ದಾಮೋದರನ್, ರಾಮಸ್ವಾಮಿ ಎಂಬಿಬ್ಬರು ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದರು. ಆದರೂ ಆ ಬೀಜವನ್ನು ತಾವಾಗಿ ತಿನ್ನುವುದು ಅಪಾಯ. ಔಷಧಕ್ಕೆ ಅಳತೆ ಬೇಕು.

6. ಮಾಡತಕ್ಕದ್ದೂ ಮಾಡಬಾರದ್ದೂ

ಮೂರ್ಛೆ ಬಂದವನ ಕೈಗೆ ಕಬ್ಬಿಣವನ್ನು ಕೊಡಬೇಡಿರಿ. ಮೂಗಿಗೆ ಈರುಳ್ಳಿಯನ್ನೂ ಚಪ್ಪಲಿಯನ್ನೂ ಹಿಡಿಯಬೇಡಿರಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿರಿ. ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು, ಒಲೆ, ಕಲ್ಲು ಮೊದಲಾದವುಗಳಿಂದ ದೂರ ಮಾಡಿರಿ. ಅದುಮಿ ಹಿಡಿಯದೆ ಗಡಿಯಾರವನ್ನು ನೋಡಿರಿ. ಐದು ನಿಮಿಷ ಮೀರಿದರೆ, ಅಥವಾ ಅರಿವು ಬಾರದೆ ಮತ್ತೆ ಬಂದರೆ, 108ಕ್ಕೆ ಕರೆಮಾಡಿರಿ. ಮೂರ್ಛಾರೋಗಿಗಳು ಒಬ್ಬರೇ ಬಾವಿಗೂ ಕೆರೆಗೂ ಇಳಿಯಬಾರದು.

ಮಾತ್ರೆಯನ್ನು ನಿಯಮವಾಗಿ ನುಂಗಿದರೆ ನೂರರಲ್ಲಿ ಎಪ್ಪತ್ತು ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು. ಎರಡು ತಿಂಗಳು ಬರಲಿಲ್ಲವೆಂದು ತಾವಾಗಿ ಬಿಟ್ಟರೆ ಮೊದಲಿಗಿಂತ ಉಗ್ರವಾಗಿ ಬರುವುದುಂಟು. ಗರ್ಭ ಧರಿಸಬೇಕೆಂದಿರುವ ಸ್ತ್ರೀಯರು ಮುಂಚೆಯೇ ವೈದ್ಯರಿಗೆ ತಿಳಿಸಿ ಮಾತ್ರೆಯನ್ನು ಸರಿಪಡಿಸಿಕೊಳ್ಳತಕ್ಕದ್ದು. ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯಿರಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ಯಾಕಂದರೆ ಮಲದಿಂದ ಬರುವ ಲಾಡಿಹುಳುವಿನ ಮೊಟ್ಟೆಗಳು ಹೊಟ್ಟೆ ಸೇರಿದರೆ ಅದರ ಮರಿಗಳು ಮಿದುಳಿನಲ್ಲಿ ನೆಲೆಸಿ ಮೂರ್ಛೆಯನ್ನುಂಟುಮಾಡುತ್ತವೆ. ಮಾಂಸ ಮುಟ್ಟದವರಿಗೂ ಇದು ತಪ್ಪದು.

ಹೆಣ್ಣುಮಗಳಿಗೆ ಮೂರ್ಛೆ ಇದೆಯೆಂದು ಶಾಲೆ ಬಿಡಿಸುವವರೂ, ಬಚ್ಚಿಟ್ಟು ಮದುವೆ ಮಾಡುವವರೂ ನಮ್ಮೊಳಗಿದ್ದಾರೆ. ಬಚ್ಚಿಟ್ಟ ಮೇಲೆ ಅವಳು ಅತ್ತೆಯ ಮನೆಯಲ್ಲಿ ಮಾತ್ರೆಯನ್ನು ನುಂಗಲಾರಳು. ನುಂಗದಿದ್ದರೆ ರೋಗ ಮರಳುವುದು. ಕಡೆಗೆ ಅವಳನ್ನು ತವರಿಗೆ ಅಟ್ಟುವರು. ಮುಂಚೆಯೇ ನಿಜ ಹೇಳುವುದು ಮಗಳಿಗೆ ಮಾಡುವ ಉಪಕಾರ. ಹಿಂದೂ ವಿವಾಹ ಕಾಯಿದೆಯಿಂದಲೂ ವಿಶೇಷ ವಿವಾಹ ಕಾಯಿದೆಯಿಂದಲೂ ಮೂರ್ಛಾರೋಗವೆಂಬ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಿದ್ದಾರೆ. ಸರ್ಕಾರವೇ ಬಿಟ್ಟ ಅಡ್ಡಿಯನ್ನು ನಾವು ಹಿಡಿದಿರಬೇಕೋ?

ದೆವ್ವವೋ ರೋಗವೋ ಎಂದು ಸಂಶಯಪಡುವವರು ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದ 24ನೆಯ ವಚನವನ್ನು ತೆರೆದು ನೋಡಲಿ. ಅಲ್ಲಿ ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯುವಿನವರು ಬೇರೆಬೇರೆಯಾಗಿ ಹೇಳಲ್ಪಟ್ಟಿದ್ದಾರೆ. ಪ್ರಾರ್ಥನೆಯನ್ನು ಮಾಡಿರಿ, ಮಾತ್ರೆಯನ್ನೂ ಕೊಡಿರಿ. ಒಂದು ಮತ್ತೊಂದಕ್ಕೆ ಶತ್ರುವಲ್ಲ.

ಆಸ್ಪತ್ರೆಯು ನಮಗೆ ದೂರವೂ ಅಲ್ಲ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅತ್ತಿಬೆಲೆಯಿಂದ ಬೆಂಗಳೂರಿಗೆ ಹೋಗುವ ಹೊಸೂರು ರಸ್ತೆಯಲ್ಲೇ ಅದು ಇದೆ. ಮಂತ್ರವಾದಿಯ ಮನೆಗೆ ಮೂರು ಸಾರಿ ತಿರುಗುವವರು ಅಲ್ಲಿಗೆ ಒಂದು ಸಾರಿ ಹೋಗಿ ಬರಲಿ.

ವಿಚಾರಣೆಗೆ ಪ್ರಶ್ನೆಗಳು

1. ಬಲಗೈ ಬಿದ್ದುಹೋದವನ ಮಿದುಳಿನ ಯಾವ ಭಾಗ ಕೆಟ್ಟಿದೆ? ಅವನನ್ನು ಎಷ್ಟು ಹೊತ್ತಿನೊಳಗೆ ಒಯ್ಯಬೇಕು?
2. ಬಿಸಿನೀರಿನ ಮೂರ್ಛೆಯುಳ್ಳ ಮಗುವಿಗೆ ಸ್ನಾನ ಮಾಡಿಸುವ ಕ್ರಮವೇನು?
3. ಮೂರ್ಛೆ ಬಂದಾಗ ಮಾಡಬಾರದ ಮೂರು ಕೆಲಸಗಳು ಯಾವುವು?
4. ನಿಮ್ಮ ಬೀದಿಯಲ್ಲಿ ಇಂಥ ರೋಗವನ್ನು ಬಚ್ಚಿಟ್ಟಿರುವ ಮನೆಯಿದ್ದರೆ, ಅವರಿಗೆ ನಾಚಿಕೆಯಾಗದಂತೆ ನೀವು ಮಾಡಬಹುದಾದ ಸಹಾಯವೇನು?