58ರ ಮಾತ್ರೆ ಬಿಲ್‌ಗೆ 22ರ ಉಳಿತಾಯ

1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಉಕ್ಕಿನ ಕಾರ್ಖಾನೆ ನೌಕರರಿಗೆ ಕಾರ್ಖಾನೆಯದೇ ಆಸ್ಪತ್ರೆ ಇತ್ತು. ಶಿವಮೊಗ್ಗದಲ್ಲಿ ಓದ್ತಿರೋ ನಮ್ಮಲ್ಲಿ ಹೆಚ್ಚಿನವರು ಸೇರೋದು ಖಾಸಗಿ ಕೆಲಸಕ್ಕೆ. ಅಲ್ಲಿ ಕಂಪನಿ ಕೊಡೋ ಇನ್ಶೂರೆನ್ಸ್ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತೆ. ಇಪಿಎಸ್‌ನಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ.

ಈಗ ಲೆಕ್ಕ ನೋಡಿ. 72ನ್ನು ಬಡ್ಡಿದರದಿಂದ ಭಾಗಿಸಿದ್ರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತೆ. ಶೇ. 8 ಆದ್ರೆ 9 ವರ್ಷ. 22ರಿಂದ 58ಕ್ಕೆ 36 ವರ್ಷ, ಅಂದ್ರೆ ನಾಲ್ಕು ಸಲ ದುಪ್ಪಟ್ಟು: 16 ಪಟ್ಟು. ಚಿಕಿತ್ಸೆಯ ಖರ್ಚೂ ಅದೇ ವೇಗದಲ್ಲಿ ಏರಿದ್ರೆ ಇವತ್ತಿನ 2,000 ರೂಪಾಯಿಯ ಮಾತ್ರೆ ಬಿಲ್ ಅವತ್ತಿಗೆ 32,000. ಆದ್ರೆ 22ರಲ್ಲಿ ಇಟ್ಟ 2,000ವೂ 32,000 ಆಗಿರುತ್ತೆ. 40ರಲ್ಲಿ ಇಟ್ಟದ್ದು ಬರೀ 8,000. ಹಾಗಾಗಿ ಮೊದಲ ಸಂಬಳದಿಂದಲೇ ಚಿಕಿತ್ಸೆಗೆ ಅಂತ ಬೇರೆ ಖಾತೆ ಇರಲಿ.