ಪದ ಎಣಿಸುವ ಮುನ್ನ, ಎಣಿಸಿದ ಮೇಲೆ



ನಿನ್ನ ಪ್ರಬಂಧ ಓದಿದೆ. ಮಿತಿ 400 ಪದ. ಆನ್‌ಲೈನ್ ಎಣಿಕೆಗೆ ಹಾಕಿದರೆ 600 ದಾಟಿದೆ, ಎಲ್ಲಿ ಕತ್ತರಿಸಲಿ ಎಂದು ಕೇಳಿದ್ದೀ. ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯ ಬರೆಯುವ ಮಕ್ಕಳೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಈ ಉತ್ತರ ಎಲ್ಲರಿಗೂ ಇರಲಿ.

ಎಣಿಸುವುದು ನಮ್ಮ ಬರಹಕ್ಕೆ ಹೊಸದಲ್ಲ. ಮುಧೋಳದ ರನ್ನ, ಬಳೆಗಾರರ ಮನೆಯ ಮಗ, ಒಂದು ಕಂದಪದ್ಯ ಕಟ್ಟಬೇಕಾದರೂ 12, 20, 12, 20 ಎಂದು ಮಾತ್ರೆ ಎಣಿಸಲೇಬೇಕಿತ್ತು. ಒಟ್ಟು 64. ಆದರೆ ಅವನಿಂದ ಕಲಿಯುವುದು ಬೇರೆಯೇ ಇದೆ. ಪಂಪ 14 ಆಶ್ವಾಸಗಳಲ್ಲಿ ಇಡೀ ಭಾರತ ಹೇಳಿದ್ದ. ಅದರ 13ನೆಯ ಆಶ್ವಾಸದ ಗದಾಯುದ್ಧವೊಂದನ್ನೇ ಹಿಡಿದು ರನ್ನ 10 ಆಶ್ವಾಸಗಳ ಕಾವ್ಯ ಬರೆದ. ಹಿಂದಿನ ಕತೆಯೆಲ್ಲ ಸಿಂಹಾವಲೋಕನ ಕ್ರಮದಲ್ಲಿ, ಪಾತ್ರಗಳ ಮಾತಿನಲ್ಲಿ, ನೆನಪಿನಲ್ಲಿ ಬಂದುಹೋಗುತ್ತದೆ. ದುರ್ಯೋಧನ ತನ್ನವರ ಹೆಣಗಳ ನಡುವೆ ನಡೆಯುವಾಗ ಮಾತ್ರ ಕವಿಗೆ ಅವಸರವೇ ಇಲ್ಲ. ಎಷ್ಟು ಹೇಳಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಅವನು ಮೊದಲು ಗೊತ್ತುಮಾಡಿಕೊಂಡಿದ್ದ.

ಈಗ ನಿನ್ನ ಬರಹ ನೋಡು. ವಿಷಯ 2019ರ ಆಗಸ್ಟ್ ಪ್ರವಾಹ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುವುದರಿಂದ ಶುರುಮಾಡಿದ್ದೀ. ನಿಮ್ಮೂರಿಗೆ ನೀರು ಬರುವ ಹೊತ್ತಿಗೆ 190 ಪದ ಮುಗಿದಿವೆ. ಎಣಿಕೆಯ ಪೆಟ್ಟಿಗೆಗೆ ಇಡೀ ಬರಹ ಹಾಕಬೇಡ. ಮೊದಲ ಸಾಲಿನಿಂದ ನಿಜವಾದ ಸಂಗತಿ ಶುರುವಾಗುವವರೆಗಿನ ಭಾಗವನ್ನಷ್ಟೇ ಹಾಕು. ನನ್ನ ಅನುಭವದಲ್ಲಿ ಹೊಸಬರ ಬರಹದ ರೋಗವೆಲ್ಲ ಆ ಸಂಖ್ಯೆಯಲ್ಲೇ ಸಿಗುತ್ತದೆ.

ಆಮೇಲೆ ಒಂದೊಂದೇ ವಾಕ್ಯ ಹಾಕಿ ನೋಡು. "ಪ್ರವಾಹದ ಕಾರಣದಿಂದಾಗಿ ಜನರು ತೊಂದರೆಯನ್ನು ಅನುಭವಿಸಬೇಕಾದ ಪರಿಸ್ಥಿತಿ ನಿರ್ಮಾಣವಾಯಿತು" ಎಂದು ಬರೆದಿದ್ದೀ, ಏಳು ಪದ. ನಿಮ್ಮಜ್ಜಿ ಹೀಗೆ ಹೇಳುತ್ತಾಳೇನು? "ಹೊಳಿ ಬಂತು, ಊರು ಬಿಟ್ವಿ" ಅನ್ನುತ್ತಾಳೆ. ನಾಲ್ಕೇ ಪದ, ಅದರಲ್ಲಿ ಜನರೂ ಇದ್ದಾರೆ, ತೊಂದರೆಯೂ ಇದೆ. ಪದೇ ಪದೇ ಬಂದ ಪದಗಳ ಪಟ್ಟಿಯನ್ನೂ ಕೆಲವು ತಾಣಗಳು ಕೊಡುತ್ತವೆ. ನಿನ್ನ ಪಟ್ಟಿಯಲ್ಲಿ "ಅತ್ಯಂತ" ಮೇಲೆಯೇ ಕೂತಿರುತ್ತದೆ, ನೋಡಿಕೋ.

ಕನ್ನಡಕ್ಕೆ ಈ ಸಾಧನ ಪೂರ್ತಿ ಒಗ್ಗಿಲ್ಲ ಎನ್ನುವುದೂ ನೆನಪಿರಲಿ. ಅದು ನಡುವಿನ ಖಾಲಿ ಜಾಗ ನೋಡಿ ಪದ ಎಣಿಸುತ್ತದೆ. "ಹೋಗಬೇಕಾಗಿತ್ತು" ಒಂದು ಪದ. ಬಿಡಿಸಿ ಬರೆದರೆ ಮೂರು. ಹಾಗೆಂದು ಮಿತಿಗೆ ಹೊಂದಿಸಲು ಪದಗಳನ್ನು ಅಂಟಿಸಬೇಡ, ಅದು ಓದುವವರಿಗೆ ಮಾಡುವ ಮೋಸ. ಅಕ್ಷರದ ಲೆಕ್ಕವಂತೂ ಇನ್ನೂ ಬೇರೆ: "ರಾಷ್ಟ್ರ" ನಮಗೆ ಎರಡಕ್ಷರ, ಯುನಿಕೋಡ್‌ನಲ್ಲಿ ಗುಣಿತ, ಒತ್ತು ಬಿಡಿಬಿಡಿಯಾಗಿ ಏಳು ಚಿಹ್ನೆ. ಇಂಗ್ಲಿಷ್ ಅಕ್ಷರಗಳಿಗಷ್ಟೇ ಮಾಡಿದ ಕೆಲವು ಸಾಧನಗಳು ಕನ್ನಡ ಹಾಕಿದರೆ ಸೊನ್ನೆ ತೋರಿಸುತ್ತವೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯುನಿಕೋಡ್‌ಗೆ ಬದಲಾಯಿಸಿಕೋ.

ಇನ್ನು ಕತ್ತರಿಸುವ ಮಾತು. ಮಹಾಬಳೇಶ್ವರ ಹೋಗಲಿ, ಜಲಾಶಯಗಳ ವಿವರ ಎರಡು ವಾಕ್ಯಕ್ಕೆ ಇಳಿಯಲಿ, ಕೊನೆಯಲ್ಲಿ ಸರ್ಕಾರಕ್ಕೆ ಮಾಡಿದ ಉಪದೇಶವೂ ಬೇಡ. ಆದರೆ ನಡುರಾತ್ರಿ ನಿಮ್ಮಪ್ಪ ಎಮ್ಮೆಗಳ ಕಣ್ಣಿ ಬಿಚ್ಚಿ ಬಿಟ್ಟದ್ದನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ಅದನ್ನು ಬೆಳೆಸು. ಎಷ್ಟು ಎಮ್ಮೆ, ಯಾವುದು ಹೋಗಲೊಲ್ಲೆ ಎಂದು ನಿಂತಿತು, ಯಾವುದು ಮರಳಿ ಬಂತು, ಎಲ್ಲ ಬರೆ. ಅಲ್ಲಿ ಪದ ಎಣಿಸಬೇಡ. ತಿದ್ದಿದ್ದನ್ನು ಮತ್ತೆ ಕಳಿಸು, ಓದುತ್ತೇನೆ.

ನಿನ್ನ ಹಿತ ಬಯಸುವ,
ಕಾಕಾ